ಎಡ್ಜ್ ಫಂಕ್ಷನ್‌ಗಳ ನವೀಕರಣ: ಕಮಾಂಡ್ ಲೈನ್ ವಿಧಾನ

ಜಾಲತಾಣಕ್ಕೆ ಬರುವ ಕೋರಿಕೆ ದೂರದ ಮುಖ್ಯ ಸರ್ವರ್ ತಲುಪುವ ಮೊದಲೇ ಅದನ್ನು ಬಳಕೆದಾರರಿಗೆ ಹತ್ತಿರದ ಡೇಟಾ ಕೇಂದ್ರದಲ್ಲಿ ತಡೆದು, ಅಲ್ಲೇ ಉತ್ತರಿಸುವ ಇಲ್ಲವೇ ತಿದ್ದಿ ಮುಂದೆ ಕಳಿಸುವ ಚಿಕ್ಕ ಪ್ರೋಗ್ರಾಮನ್ನು ಎಡ್ಜ್ ಫಂಕ್ಷನ್ ಎನ್ನುತ್ತಾರೆ. ಸರ್ವರ್ ಕೊಳ್ಳುವುದು, ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಹಾಕುವುದು, ದಟ್ಟಣೆ ಹೆಚ್ಚಿದಾಗ ಇನ್ನೊಂದು ಯಂತ್ರ ಸೇರಿಸುವುದು ಇವೆಲ್ಲ ಸೇವೆ ಕೊಡುವ ಕಂಪನಿಯ ಕೆಲಸ. ಬರೆಯುವವರ ಪಾಲಿಗೆ ಉಳಿಯುವುದು ಕೋಡ್ ಮತ್ತು ತಿಂಗಳ ಬಿಲ್ಲು. ಈ ಬಗೆಯ ಏರ್ಪಾಟಿಗೆ ಸರ್ವರ್‌ಲೆಸ್ ಎಂಬ ಹೆಸರು ರೂಢಿಗೆ ಬಂದಿದೆ. ಹತ್ತಿರ ಎಂದರೆ ಎಷ್ಟು ಹತ್ತಿರ ಎಂಬುದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಬೇಕು. ಹೊಸಪೇಟೆ, ಕಂಪ್ಲಿಗಳ ನಡುವೆ ತುಂಗಭದ್ರೆಯ ದಂಡೆಯಲ್ಲಿರುವ ಬುಕ್ಕಸಾಗರದಲ್ಲಿ ಮೊಬೈಲ್ ಹಿಡಿದವರಿಗೆ ಅಂಚಿನ (ಎಡ್ಜ್) ಕೇಂದ್ರವೆಂದರೆ ಹೊಸಪೇಟೆಯಲ್ಲ; ಬೆಂಗಳೂರು, ಇಲ್ಲವೇ ಮೊಬೈಲ್ ಕಂಪನಿಯ ಜಾಲ ಹೇಗೆ ತಿರುಗಿಸುತ್ತದೋ ಹಾಗೆ ಮುಂಬೈ, ಚೆನ್ನೈ ಅಥವಾ ಹೈದರಾಬಾದ್. ಆದರೂ ಲಾಭ ಕಡಿಮೆಯೇನಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿಗೆ 350 ಕಿ.ಮೀ. ಕೇಬಲ್ ಎಂದು ಹಿಡಿದರೆ ಹೋಗಿಬರಲು ಮೂರೂವರೆ ಮಿಲಿಸೆಕೆಂಡ್ ಸಾಕು. ಹದಿಮೂರು ಸಾವಿರ ಕಿ.ಮೀ.ಗೂ ಆಚೆಯ ಅಮೆರಿಕದ ವರ್ಜೀನಿಯಾಕ್ಕೆ ಕಡಿಮೆಯೆಂದರೂ 130 ಮಿಲಿಸೆಕೆಂಡ್ ಬೇಕು. ಒಂದು ಪುಟ ತೆರೆಯಲು ಇಂಥ ಹತ್ತಾರು ಓಡಾಟಗಳು ನಡೆಯುವುದರಿಂದ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಓದುವವರ ಕಡೆಯಿಂದ ನೋಡಿದರೆ ಇದು ವಿಕೇಂದ್ರೀಕರಣ. ಬದಲಿಸುವವರ ಕಡೆಯಿಂದ ನೋಡಿದರೆ ಚಿತ್ರ ತಿರುವುಮುರುವಾಗುತ್ತದೆ. ಕೋಡ್ ಓಡುವುದು ನೂರಾರು ಊರುಗಳಲ್ಲಾದರೂ ಅದನ್ನು ಬದಲಿಸುವ ಅಧಿಕಾರ ಒಂದು ಟರ್ಮಿನಲ್‌ನಲ್ಲಿ, ಒಂದು ಸಾಲಿನ ಕಮಾಂಡ್‌ನಲ್ಲಿ ಕೂಡಿಕೊಂಡಿದೆ. ಎಂಟರ್ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಹೊಸ ಕೋಡ್ ಜಗತ್ತಿನ ಎಲ್ಲ ಕಡೆ ಜಾರಿಗೆ ಬರುತ್ತದೆ ಎಂಬುದನ್ನು ಕಂಪನಿಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಕಳೆದ ಕೆಲವು ವರ್ಷಗಳ ದೊಡ್ಡ ಅವಘಡಗಳನ್ನು ಪರಿಶೀಲಿಸಿದರೆ ಆ ಹೆಮ್ಮೆಯ ವಿಷಯವೇ ಅಪಾಯದ ಮೂಲವೆಂದು ಕಾಣುತ್ತದೆ. ಹಾಗಾಗಿ ಕಮಾಂಡ್ ಲೈನ್ ಸಾಧನವೊಂದು ಎಷ್ಟು ಬೇಗ ಹರಡುತ್ತದೆ ಎಂದು ಕೇಳುವುದಕ್ಕಿಂತ ಮೊದಲು, ಹರಡುವಿಕೆಯನ್ನು ಎಲ್ಲಿ ತಡೆಯಬಹುದು, ಎಷ್ಟು ಪಾಲು ಬಿಡಬಹುದು, ಹೇಗೆ ಹಿಂದಕ್ಕೆಳೆಯಬಹುದು ಎಂದು ಕೇಳಬೇಕು ಎಂಬುದು ಈ ಲೇಖನದ ವಾದ.

ಈ ತಂತ್ರಕ್ಕೆ ವಯಸ್ಸು ಹೆಚ್ಚಲ್ಲ. ಅಮೆಜಾನ್ ತನ್ನ ಲ್ಯಾಂಬ್ಡಾ ಸೇವೆಯನ್ನು 2014ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅದನ್ನು ಕ್ಲೌಡ್‌ಫ್ರಂಟ್ ಜಾಲದ ಅಂಚಿಗೆ ಒಯ್ದ ಲ್ಯಾಂಬ್ಡಾ ಅಟ್ ಎಡ್ಜ್ 2017ರಲ್ಲಿ ಎಲ್ಲರ ಬಳಕೆಗೆ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕ್ಲೌಡ್‌ಫ್ಲೇರ್ ವರ್ಕರ್ಸ್ ಪ್ರಕಟವಾಯಿತು. ಕ್ರೋಮ್ ಬ್ರೌಸರ್‌ನೊಳಗಿನ ವಿ8 ಎಂಜಿನ್ನನ್ನೇ ಸರ್ವರ್ ಮೇಲೆ ಕೂರಿಸಿ, ಪ್ರತಿ ಗ್ರಾಹಕರ ಕೋಡ್‌ಗೆ ಪ್ರತ್ಯೇಕ ಯಂತ್ರದ ಬದಲು ಐಸೊಲೇಟ್ ಎಂಬ ಹಗುರವಾದ ಬೇಲಿ ಹಾಕಿದ್ದು ಅದರ ವಿಶೇಷ. ಐಸೊಲೇಟ್ ತೆರೆಯಲು ಕೆಲವೇ ಮಿಲಿಸೆಕೆಂಡ್ ಸಾಕಾದ್ದರಿಂದ ಎಲ್ಲ ಊರುಗಳಲ್ಲೂ ಎಲ್ಲರ ಕೋಡನ್ನು ಇಡುವುದು ಸಾಧ್ಯವಾಯಿತು. 2021ರಲ್ಲಿ ಅಮೆಜಾನ್ ಇನ್ನೂ ಹಗುರವಾದ ಕ್ಲೌಡ್‌ಫ್ರಂಟ್ ಫಂಕ್ಷನ್ಸ್ ತಂದಿತು. 2022ರಲ್ಲಿ ಡೇಟಾಬೇಸ್ ಸೇವೆ ಕೊಡುವ ಸುಪಾಬೇಸ್ ಕಂಪನಿ, ಜಾವಾಸ್ಕ್ರಿಪ್ಟ್ ಓಡಿಸುವ ಡೆನೊ ಎಂಬ ಸಾಧನದ ಆಧಾರದ ಮೇಲೆ ತನ್ನ ಎಡ್ಜ್ ಫಂಕ್ಷನ್ಸ್ ಕೊಟ್ಟಿತು.

ನವೀಕರಣದ ಕಮಾಂಡ್ ನೋಡಲು ಸರಳ. ಕ್ಲೌಡ್‌ಫ್ಲೇರ್‌ನ ಸಾಧನ ರ‍್ಯಾಂಗ್ಲರ್. ಅದಕ್ಕೆ ಡಿಪ್ಲಾಯ್ ಎಂದರೆ ಆಯಿತು. ಸುಪಾಬೇಸ್‌ನಲ್ಲಿ ಫಂಕ್ಷನ್ಸ್ ಡಿಪ್ಲಾಯ್ ಎಂದು ಹೇಳಿ ಫಂಕ್ಷನ್ ಹೆಸರು ಕೊಡಬೇಕು. ಒಳಗೆ ನಡೆಯುವುದು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಕೋಡ್ ಕಡತಗಳನ್ನೆಲ್ಲ ಒಂದು ಕಟ್ಟಾಗಿ ಮಾಡಿ, ಟೋಕನ್ ತೋರಿಸಿ ಕಂಪನಿಯ ನಿಯಂತ್ರಣ ಕೇಂದ್ರಕ್ಕೆ ಕಳಿಸಿದರೆ, ಅದು ಹೊಸ ಆವೃತ್ತಿಯ ಗುರುತು ಕೊಟ್ಟು ಅಂಚಿನ ಕೇಂದ್ರಗಳಿಗೆ ಹಂಚುತ್ತದೆ. ವ್ಯತ್ಯಾಸ ಬರುವುದು ಸಾಧನ ಎಲ್ಲಿ ತಡೆಯುತ್ತದೆ ಎಂಬಲ್ಲಿ. ಲ್ಯಾಂಬ್ಡಾ ಅಟ್ ಎಡ್ಜ್‌ನಲ್ಲಿ ಫಂಕ್ಷನ್ ಹುಟ್ಟಬೇಕಾದದ್ದು ಉತ್ತರ ವರ್ಜೀನಿಯಾ ವಲಯದಲ್ಲೇ. ಓಡುವುದು ಬೆಂಗಳೂರಿನ ಜನರಿಗಾಗಿಯಾದರೂ ಜನ್ಮಸ್ಥಳ ಅದೇ. ಜೊತೆಗೆ ಸಂಖ್ಯೆ ಹಾಕಿದ ಆವೃತ್ತಿಯನ್ನು ಮಾತ್ರ ಅಂಚಿಗೆ ಜೋಡಿಸಬಹುದು. ಕೈಯಲ್ಲಿ ತಿದ್ದುತ್ತಿರುವ ಕರಡನ್ನು ನೇರವಾಗಿ ಜೋಡಿಸಲು ಬರುವುದಿಲ್ಲ. ಕ್ಲೌಡ್‌ಫ್ರಂಟ್ ಫಂಕ್ಷನ್ಸ್ ಇನ್ನೂ ಕಟ್ಟುನಿಟ್ಟು. ಅಪ್‌ಡೇಟ್ ಫಂಕ್ಷನ್ ಎಂಬ ಕಮಾಂಡ್ ಬದಲಿಸುವುದು ಡೆವಲಪ್‌ಮೆಂಟ್ ಹಂತವನ್ನಷ್ಟೇ. ಟೆಸ್ಟ್ ಫಂಕ್ಷನ್ ಎಂಬ ಕಮಾಂಡ್‌ಗೆ ಮಾದರಿ ಕೋರಿಕೆ ಕೊಟ್ಟು ಫಲಿತಾಂಶ ನೋಡಬಹುದು. ಪಬ್ಲಿಷ್ ಫಂಕ್ಷನ್ ಎಂದು ಬೇರೆಯಾಗಿ ಹೇಳಿದ ಮೇಲೆಯೇ ಅದು ಲೈವ್ ಆಗುತ್ತದೆ. ಇಷ್ಟು ಸಾಲದೆಂಬಂತೆ, ಅಪ್‌ಡೇಟ್ ಮಾಡುವವರು ತಾವು ಓದಿದ ಹಿಂದಿನ ಪ್ರತಿಯ ಇಟ್ಯಾಗ್ ಗುರುತನ್ನೂ ಒಪ್ಪಿಸಬೇಕು. ನಡುವೆ ಸಹೋದ್ಯೋಗಿಯೊಬ್ಬರು ಅದೇ ಫಂಕ್ಷನ್ ತಿದ್ದಿದ್ದರೆ ಗುರುತು ತಾಳೆಯಾಗದೆ ಕಮಾಂಡ್ ಸೋಲುತ್ತದೆ. ಹೊಸಬರಿಗೆ ಇದು ಕಿರಿಕಿರಿ. ಇನ್ನೊಬ್ಬರ ಕೆಲಸವನ್ನು ಗೊತ್ತಿಲ್ಲದೆ ಅಳಿಸುವುದನ್ನು ತಪ್ಪಿಸುವುದು ಆ ಕಿರಿಕಿರಿಯೇ.

ವೇಗದ ಅಪಾಯಕ್ಕೆ ಸಾಕ್ಷ್ಯ ಬೇಕೆಂದರೆ 2019ರ ಜುಲೈ 2ರಿಂದ ತೊಡಗಬೇಕು. ಅಂದು ಭಾರತೀಯ ಕಾಲಮಾನ ಸಂಜೆ 7 ಗಂಟೆ 12 ನಿಮಿಷಕ್ಕೆ ಕ್ಲೌಡ್‌ಫ್ಲೇರ್ ತನ್ನ ಫೈರ್‌ವಾಲ್‌ಗೆ ಒಂದು ಹೊಸ ನಿಯಮ ಸೇರಿಸಿತು. ಅದರಲ್ಲಿದ್ದ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಪಠ್ಯವನ್ನು ಹಿಂದೆಮುಂದೆ ಹುಡುಕುತ್ತ ಪ್ರೊಸೆಸರ್‌ಗಳನ್ನು ನುಂಗಿಹಾಕಿ, ಜಗತ್ತಿನಾದ್ಯಂತ ಆ ಜಾಲದ ಹಿಂದಿದ್ದ ತಾಣಗಳು 27 ನಿಮಿಷ ನರಳಿದವು. ನಿಯಮವನ್ನು ಹಾಕಿದ್ದು ಬರೀ ಪರೀಕ್ಷಾ ಸ್ಥಿತಿಯಲ್ಲಿ. ಅದು ಯಾರನ್ನೂ ತಡೆಯುವಂತಿರಲಿಲ್ಲ. ಆದರೆ ಪರೀಕ್ಷೆಗೂ ಪ್ರೊಸೆಸರ್ ಬೇಕಲ್ಲ. ಕಂಪನಿಯ ಸಾಮಾನ್ಯ ಸಾಫ್ಟ್‌ವೇರ್ ಹಂತಹಂತವಾಗಿ ಹೋಗುತ್ತಿತ್ತು. ಹೊಸ ದಾಳಿಗಳಿಗೆ ತಕ್ಷಣ ಉತ್ತರಿಸಬೇಕೆಂಬ ಕಾರಣಕ್ಕೆ ಫೈರ್‌ವಾಲ್ ನಿಯಮಗಳಿಗೆ ಮಾತ್ರ ಆ ಹಂತಗಳಿಂದ ವಿನಾಯಿತಿ ಇತ್ತು. 2021ರ ಜೂನ್ 8ರಂದು ಫಾಸ್ಟ್ಲಿ ಜಾಲದಲ್ಲಿ ಆದದ್ದು ಬೇರೆ ಬಗೆಯದು. ಗ್ರಾಹಕರೊಬ್ಬರು ನಿಯಮಬದ್ಧವಾಗಿಯೇ ಮಾಡಿದ ಒಂದು ಸೆಟ್ಟಿಂಗ್ ಬದಲಾವಣೆ, ಮೇ ತಿಂಗಳಲ್ಲಿ ಸೇರಿಕೊಂಡು ಸುಮ್ಮನಿದ್ದ ದೋಷವನ್ನು ಎಬ್ಬಿಸಿತು. ಜಾಲದ ಶೇ. 85ರಷ್ಟು ಭಾಗ ತಪ್ಪು ಉತ್ತರ ಕೊಡತೊಡಗಿತು. 49 ನಿಮಿಷಗಳಲ್ಲಿ ಶೇ. 95ರಷ್ಟು ಸರಿಹೋಯಿತು. 2025ರ ನವೆಂಬರ್ 18ರಂದು ಮತ್ತೆ ಕ್ಲೌಡ್‌ಫ್ಲೇರ್ ಮುಗ್ಗರಿಸಿತು. ಡೇಟಾಬೇಸ್ ಅನುಮತಿಯಲ್ಲಿ ಮಾಡಿದ ಬದಲಾವಣೆಯಿಂದ ಬಾಟ್ ಪತ್ತೆಗೆ ಬಳಸುವ ಕಡತದ ಗಾತ್ರ ಇಮ್ಮಡಿಯಾಯಿತು. ಆ ಕಡತ ಐದೈದು ನಿಮಿಷಕ್ಕೊಮ್ಮೆ ಹೊಸದಾಗಿ ತಯಾರಾಗಿ ಇಡೀ ಜಾಲಕ್ಕೆ ಹೋಗುತ್ತಿತ್ತು. ಓದುವ ಪ್ರೋಗ್ರಾಮ್ ಇನ್ನೂರಕ್ಕಿಂತ ಹೆಚ್ಚು ಲಕ್ಷಣಗಳನ್ನು ಒಪ್ಪದೆ ಬಿದ್ದುಹೋಗುತ್ತಿತ್ತು. ಮೂರೂ ಪ್ರಕರಣಗಳಲ್ಲಿ ಕೆಟ್ಟದ್ದು ಬೇರೆಬೇರೆ. ಸಮಾನವಾದದ್ದು ಒಂದೇ, ಬದಲಾವಣೆ ಎಲ್ಲ ಕಡೆ ಏಕಕಾಲಕ್ಕೆ ತಲುಪಿದ್ದು.

ಕರ್ನಾಟಕದವರು ಇಂಥದೊಂದನ್ನು ಹತ್ತಿರದಿಂದ ಕಂಡದ್ದು 2024ರ ಜುಲೈ 19ರ ಶುಕ್ರವಾರ. ಭದ್ರತಾ ಸಾಫ್ಟ್‌ವೇರ್ ತಯಾರಿಸುವ ಕ್ರೌಡ್‌ಸ್ಟ್ರೈಕ್ ಕಂಪನಿ ವಿಂಡೋಸ್ ಯಂತ್ರಗಳಿಗೆ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕಳಿಸಿದ ಪುಟ್ಟ ಕಡತವೊಂದು ಸುಮಾರು 85 ಲಕ್ಷ ಕಂಪ್ಯೂಟರ್‌ಗಳನ್ನು ನೀಲಿ ಪರದೆಗೆ ತಂದಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಂಡಿಗೊ, ಆಕಾಸ, ಸ್ಪೈಸ್‌ಜೆಟ್ ಮೊದಲಾದ ವಿಮಾನ ಕಂಪನಿಗಳ ಚೆಕ್‌ಇನ್ ವ್ಯವಸ್ಥೆ ನಿಂತು ಉದ್ದದ ಸಾಲುಗಳಾದವು. ಇದು ಎಡ್ಜ್ ಫಂಕ್ಷನ್ ಅಲ್ಲ, ನಿಜ. ಆದರೆ ದೂರದ ಒಂದು ಕೇಂದ್ರದಿಂದ ಅಂಚಿನ ಲಕ್ಷಾಂತರ ಯಂತ್ರಗಳಿಗೆ ಹಂತವಿಲ್ಲದೆ ಹೋದ ನವೀಕರಣ ಇದು. ಇದರಿಂದ ಕಲಿಯಬೇಕಾದ ಒಂದು ವ್ಯತ್ಯಾಸವೂ ಇದೆ. ಕಂಪನಿ 78 ನಿಮಿಷಗಳಲ್ಲಿ ಕಡತವನ್ನು ಹಿಂದಕ್ಕೆ ಪಡೆದರೂ, ಬಿದ್ದುಹೋದ ಯಂತ್ರಕ್ಕೆ ಆ ಸುದ್ದಿ ತಲುಪುವ ದಾರಿಯೇ ಇರಲಿಲ್ಲ. ಒಂದೊಂದನ್ನೂ ಕೈಯಿಂದ ಎಬ್ಬಿಸಬೇಕಾಯಿತು. ಎಡ್ಜ್ ಫಂಕ್ಷನ್ ಕೆಟ್ಟರೆ ಅದನ್ನು ಓಡಿಸುವ ವೇದಿಕೆ ಸಾಮಾನ್ಯವಾಗಿ ಬದುಕಿರುತ್ತದೆ, ಹಳೆಯ ಆವೃತ್ತಿ ಅಲ್ಲಿಗೆ ತಲುಪುತ್ತದೆ. ಈ ವ್ಯವಸ್ಥೆಯ ಪರವಾಗಿ ಹೇಳಬಹುದಾದ ಅತಿ ಗಟ್ಟಿಯಾದ ಮಾತು ಇದು. ಆದರೆ ಹಿಂದಕ್ಕೆಳೆಯುವುದು ಎಲ್ಲವನ್ನೂ ಸರಿಪಡಿಸುತ್ತದೆ ಎಂದು ನಂಬಿ ಕೂರುವವರು ಮೋಸಹೋಗುತ್ತಾರೆ.

ಏಕೆಂಬುದಕ್ಕೆ ಹೊಸಪೇಟೆ ಸೀಮೆಯ ಆಡಳಿತ ಚರಿತ್ರೆಯೇ ಚೆನ್ನಾದ ಉದಾಹರಣೆ. 2014ರ ನವೆಂಬರ್ 1ರಂದು ಹಾಸ್ಪೇಟ್ ಅಧಿಕೃತವಾಗಿ ಹೊಸಪೇಟೆಯಾಯಿತು, ಬೆಳ್ಳಾರಿ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದುದು ಬಳ್ಳಾರಿಯಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿ ಹೊಸ ಜಿಲ್ಲೆಗೆ ಹೋಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹರಪನಹಳ್ಳಿಯದು ಇನ್ನೂ ಸುತ್ತುಬಳಸಿನ ಕಥೆ: 1997ರವರೆಗೆ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ತಾಲ್ಲೂಕಿಗೊಂದು ಪುಟವಿರುವ, ವಿಳಾಸದಲ್ಲಿ ಜಿಲ್ಲೆಯ ಹೆಸರಿರುವ ಒಂದು ಜಾಲತಾಣವನ್ನು ಕಲ್ಪಿಸಿಕೊಳ್ಳೋಣ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಳಿಸುವುದು ಎಡ್ಜ್ ಫಂಕ್ಷನ್‌ಗೆ ಹೇಳಿಮಾಡಿಸಿದ ಕೆಲಸ. ಕೋಡ್ ನಲವತ್ತು ಸಾಲು ದಾಟದು. ಮೊದಲ ಆವೃತ್ತಿಗೆ ವಿಜಯನಗರ ಎಂಬ ಜಿಲ್ಲೆಯೇ ಗೊತ್ತಿಲ್ಲ. ಎರಡನೆಯದು ಬಳ್ಳಾರಿ–ಹರಪನಹಳ್ಳಿ ಎಂದು ಕೇಳಿದವರನ್ನು ವಿಜಯನಗರ–ಹರಪನಹಳ್ಳಿಗೆ ತಿರುಗಿಸುತ್ತದೆ. ಹಂಚಿಕೆ ನಡೆಯುತ್ತಿರುವ ಆ ಕೆಲವು ಸೆಕೆಂಡುಗಳಲ್ಲಿ, ಅಥವಾ ಶೇ. 10ರಷ್ಟು ಕೋರಿಕೆಗಳನ್ನಷ್ಟೇ ಹೊಸ ಆವೃತ್ತಿಗೆ ಬಿಟ್ಟಿರುವಾಗ, ಒಬ್ಬರೇ ಓದುಗರ ಮೊದಲ ಕೋರಿಕೆ ಎರಡನೆಯ ಆವೃತ್ತಿಗೂ ಮರುಕೋರಿಕೆ ಮೊದಲನೆಯದಕ್ಕೂ ಬೀಳಬಹುದು. ಎರಡನೆಯದು ವಿಜಯನಗರಕ್ಕೆ ಹೋಗಿ ಎನ್ನುತ್ತದೆ, ಮೊದಲನೆಯದು ಅಂಥ ಪುಟವೇ ಇಲ್ಲ ಎನ್ನುತ್ತದೆ. ಎರಡು ಕೋಡ್‌ಗಳಲ್ಲಿ ಯಾವುದೂ ತಪ್ಪಿಲ್ಲ; ಎರಡೂ ಒಟ್ಟಿಗೆ ಇದ್ದದ್ದು ತಪ್ಪು. ಪರಿಹಾರ ಎರಡು ಕಂತಿನ ನವೀಕರಣ. ಮೊದಲು ಹೊಸ ವಿಳಾಸಗಳನ್ನು ಗುರುತಿಸುವ, ಆದರೆ ಯಾರನ್ನೂ ತಿರುಗಿಸದ ಆವೃತ್ತಿ ಎಲ್ಲ ಕಡೆ ಹೋಗಬೇಕು. ಅದು ನೆಲೆಯೂರಿದ ಮೇಲೆ ತಿರುಗಿಸುವ ಆವೃತ್ತಿ. ಒಬ್ಬ ಬಳಕೆದಾರರನ್ನು ಒಂದೇ ಆವೃತ್ತಿಗೆ ಕಟ್ಟಿಹಾಕುವ ಹೆಡರ್ ಸೌಲಭ್ಯ ಕ್ಲೌಡ್‌ಫ್ಲೇರ್‌ನಲ್ಲಿದೆ, ಆದರೆ ಅದನ್ನು ಕೇಳಿ ಪಡೆಯಬೇಕು. ಕೇಳದಿದ್ದರೆ ಪ್ರತಿ ಕೋರಿಕೆಗೂ ಬೇರೆಯಾಗಿ ಚೀಟಿ ಎತ್ತಿದಂತೆ ಆವೃತ್ತಿ ಆಯ್ಕೆಯಾಗುತ್ತದೆ.

ಇನ್ನು ಹಿಂದಕ್ಕೆಳೆಯುವ ಮಾತು. ತಿರುಗಿಸುವಾಗ 301 ಎಂಬ ಸಂಕೇತ ಕೊಟ್ಟರೆ ಇದು ಶಾಶ್ವತ ಎಂದರ್ಥ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಕೇಳುವುದೇ ಇಲ್ಲ. ಹಿಂದೆ ಹೊಸಪೇಟೆ ತಾಲ್ಲೂಕಿನಲ್ಲಿದ್ದವೆಲ್ಲ ವಿಜಯನಗರಕ್ಕೆ ಎಂದು ಅವಸರದಲ್ಲಿ ನಿಯಮ ಬರೆದವರು ಕಂಪ್ಲಿಯನ್ನೂ ಅಲ್ಲಿಗೆ ಕಳಿಸಿಬಿಡುತ್ತಾರೆ, ಏಕೆಂದರೆ ಕಂಪ್ಲಿ ಪ್ರತ್ಯೇಕ ತಾಲ್ಲೂಕಾಗುವ ಮೊದಲು ಹೊಸಪೇಟೆಗೇ ಸೇರಿತ್ತು. ತಪ್ಪು ಗೊತ್ತಾಗಿ ಐದು ನಿಮಿಷದಲ್ಲಿ ರೋಲ್‌ಬ್ಯಾಕ್ ಮಾಡಿದರೂ, ಆ ಐದು ನಿಮಿಷದಲ್ಲಿ ಬಂದವರ ಫೋನ್‌ಗಳು ಕಂಪ್ಲಿಯನ್ನು ತಪ್ಪು ಜಿಲ್ಲೆಯಲ್ಲೇ ಹುಡುಕುತ್ತಿರುತ್ತವೆ. ಅಲ್ಲಿಂದ ಮರಳಿ ಬಳ್ಳಾರಿಗೆ ಕಳಿಸುವ ನಿಯಮ ಸೇರಿಸಿದರಂತೂ ಸುತ್ತು ಹೊಡೆಯತೊಡಗುತ್ತವೆ. ರ‍್ಯಾಂಗ್ಲರ್ ರೋಲ್‌ಬ್ಯಾಕ್ ಕಮಾಂಡ್ ಹಳೆಯ ಕೋಡನ್ನು ತರುತ್ತದೆಯೇ ಹೊರತು ನಡುವೆ ಡೇಟಾಬೇಸ್‌ನಲ್ಲಿ, ಕೆವಿ (ಕೀ-ವ್ಯಾಲ್ಯೂ) ಸಂಗ್ರಹದಲ್ಲಿ, ಬ್ರೌಸರ್‌ಗಳ ನೆನಪಿನಲ್ಲಿ ಬರೆದದ್ದನ್ನು ಅಳಿಸುವುದಿಲ್ಲ. ಆದ್ದರಿಂದ ಮೊದಲ ಕೆಲವು ದಿನ ತಾತ್ಕಾಲಿಕ ಎಂಬ 302 ಸಂಕೇತ ಕೊಟ್ಟು, ದೂರು ಬರದಿದ್ದ ಮೇಲೆ 301ಕ್ಕೆ ಹೋಗುವುದೇ ಜಾಣತನ. ವಿಜಯನಗರದ ಆರು ತಾಲ್ಲೂಕುಗಳ ಜೊತೆಗೆ ಕಂಪ್ಲಿ, ಸಂಡೂರುಗಳನ್ನೂ ಟೆಸ್ಟ್ ಕಮಾಂಡ್‌ಗೆ ಕೊಟ್ಟು, ಕೊನೆಯ ಎರಡು ಅಲುಗಾಡದೆ ಇದ್ದಲ್ಲೇ ಇವೆಯೇ ಎಂದು ನೋಡಬೇಕು. ಬದಲಾಗಬಾರದ್ದು ಬದಲಾಗಲಿಲ್ಲ ಎಂಬ ಪರೀಕ್ಷೆಯನ್ನು ಬರೆಯುವವರು ಕಡಿಮೆ.

ಕನ್ನಡದಲ್ಲಿ ವಿಳಾಸ, ಸಂದೇಶ ಇಡುವವರಿಗೆ ಇನ್ನೊಂದು ಎಚ್ಚರ ಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಬುಕ್ಕಸಾಗರ ಎಂಬ ಹೆಸರಿನಲ್ಲಿ ಒಂಬತ್ತು ಸಂಕೇತಗಳಿವೆ. 27 ಬೈಟ್ ಆಯಿತು, ವಿಳಾಸದೊಳಗೆ ಶೇಕಡಾ ಚಿಹ್ನೆಗಳೊಂದಿಗೆ ಬರೆದರೆ 81 ಅಕ್ಷರ. ಕ್ಲೌಡ್‌ಫ್ರಂಟ್ ಫಂಕ್ಷನ್‌ನ ಇಡೀ ಕೋಡ್ 10 ಕೆಬಿ ಮೀರುವಂತಿಲ್ಲ. ಊರುಗಳ ಪಟ್ಟಿಯನ್ನು ಕನ್ನಡದಲ್ಲಿ ಕೋಡ್‌ನೊಳಗೇ ತುಂಬಿದರೆ ಇಂಗ್ಲಿಷಿನಲ್ಲಿ ಹಿಡಿಸಿದ್ದು ಇಲ್ಲಿ ಹಿಡಿಸದೆ ನವೀಕರಣ ತಿರಸ್ಕೃತವಾಗುತ್ತದೆ. ಇದಕ್ಕಿಂತ ಕಣ್ಣಿಗೆ ಬೀಳದ ತೊಡಕು ಯೂನಿಕೋಡ್‌ನದು. ಹೊಸಪೇಟೆ ಎಂಬುದನ್ನು ಏಳು ಸಂಕೇತಗಳಲ್ಲೂ ಬರೆಯಬಹುದು, ಒತ್ವ ಮತ್ತು ಏತ್ವಗಳನ್ನು ಬಿಡಿಸಿ ಒಂಬತ್ತರಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಫಂಕ್ಷನ್ ಅವನ್ನು ಏಕರೂಪಕ್ಕೆ ತರದೆ ಹೋಲಿಸಿದರೆ ಒಬ್ಬರ ಕೀಲಿಮಣೆಯಿಂದ ಬಂದ ಹೊಸಪೇಟೆ ಸಿಗುತ್ತದೆ, ಇನ್ನೊಬ್ಬರದು ಸಿಗುವುದಿಲ್ಲ. ಬರೆದವರ ಸ್ವಂತ ಯಂತ್ರದಲ್ಲಿ ಈ ದೋಷ ಎಂದೂ ಕಾಣಿಸಿಕೊಳ್ಳದು. ಹಂತಹಂತದ ಬಿಡುಗಡೆಯಲ್ಲಿ, ರ‍್ಯಾಂಗ್ಲರ್ ಟೇಲ್‌ನಂಥ ಕಮಾಂಡ್‌ನಿಂದ ನಿಜವಾದ ಕೋರಿಕೆಗಳನ್ನು ನೋಡುತ್ತ ಕುಳಿತಾಗ ಮಾತ್ರ ಸಿಕ್ಕಿಬೀಳುತ್ತದೆ.

ಈ ವಾದಕ್ಕೆ ಆಕ್ಷೇಪಗಳಿವೆ, ಅವುಗಳಲ್ಲಿ ಕೆಲವಕ್ಕೆ ತೂಕವೂ ಇದೆ. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆಗುವುದಕ್ಕೆ ಟರ್ಮಿನಲ್ ಏಕೆ ಎನ್ನುವವರಿದ್ದಾರೆ. ಗುಂಡಿ ಒತ್ತಿದ್ದನ್ನು ಇನ್ನೊಬ್ಬರು ಅಕ್ಷರಶಃ ಪುನರಾವರ್ತಿಸಲು ಬರುವುದಿಲ್ಲ. ಕಮಾಂಡನ್ನು ಕಡತದಲ್ಲಿ ಬರೆದಿಡಬಹುದು, ತಿದ್ದಬಹುದು, ಜಾರಿಗೆ ಮೊದಲು ಸಹೋದ್ಯೋಗಿಗೆ ತೋರಿಸಬಹುದು. ಈಗೆಲ್ಲ ಗಿಟ್‌ಗೆ ಪುಶ್ ಮಾಡಿದರೆ ಸಾಕು, ಉಳಿದದ್ದು ತಾನಾಗಿಯೇ ಆಗುತ್ತದೆ ಎಂಬುದು ಎರಡನೆಯ ಆಕ್ಷೇಪ. ತಾನಾಗಿಯೇ ಆಗುವ ಆ ಯಂತ್ರ ಒಳಗೆ ಓಡಿಸುವುದು ಇದೇ ಕಮಾಂಡ್‌ಗಳನ್ನು. ಅದು ಮುರಿದು ಬಿದ್ದ ರಾತ್ರಿ ಕೈಯಿಂದ ಓಡಿಸಲು ಬಾರದವರ ಗತಿ ಕಷ್ಟ. ಚಿಕ್ಕ ತಾಣಕ್ಕೆ ಹಂತಹಂತದ ಬಿಡುಗಡೆ ಅನಗತ್ಯ ಎಂಬ ಮೂರನೆಯ ಮಾತನ್ನು ಮಾತ್ರ ಅರ್ಧ ಒಪ್ಪಬೇಕು. ದಿನಕ್ಕೆ ಇನ್ನೂರು ಕೋರಿಕೆ ಬರುವಲ್ಲಿ ಶೇ. 5 ಎಂದರೆ ಹತ್ತು ಕೋರಿಕೆ. ಅದರಿಂದ ಏನೂ ತಿಳಿಯುವುದಿಲ್ಲ. ಅಂಥವರಿಗೆ ಪ್ರತ್ಯೇಕ ಮುನ್ನೋಟದ ವಿಳಾಸದಲ್ಲಿ ಹಾಕಿ, ನಾಲ್ಕು ಜನರಿಂದ ನಾಲ್ಕು ಫೋನ್‌ಗಳಲ್ಲಿ ತೆರೆಸಿ ನೋಡುವುದೇ ಹೆಚ್ಚು ಉಪಯುಕ್ತ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ತುರ್ತಿನದು. ಭದ್ರತಾ ಲೋಪ ಬಯಲಾದಾಗ ಶೇ. 1, ಶೇ. 10 ಎಂದು ಕಾಯುತ್ತ ಕೂತರೆ ಉಳಿದ ಶೇ. 90 ದಾಳಿಗೆ ತೆರೆದಿರುತ್ತದೆ. ಇದು ಸುಳ್ಳಲ್ಲ; ಕಾಯಲು ಬಾರದ ತುರ್ತು ಬೇರೆ ಕಡೆಗಳಲ್ಲೂ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾದಾಗ ಅದರ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಆದರೆ ಕೆಳಗಿನ ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಹೋಗಿತ್ತು, ಎಷ್ಟು ಕ್ಯೂಸೆಕ್ ಹೊರಬೀಳುತ್ತಿದೆ ಎಂದು ಅಳೆಯುವವರಿದ್ದರು. ತುರ್ತು ಬಿಡುಗಡೆಗೂ ಅಂಥದೇ ಶಿಸ್ತು ಸಾಧ್ಯ. ಹಂತಗಳನ್ನು ದಿನಗಳಿಂದ ನಿಮಿಷಗಳಿಗೆ ಇಳಿಸಬಹುದು, ಹಂತಗಳನ್ನೇ ತೆಗೆದುಹಾಕಬೇಕಿಲ್ಲ. 2019ರ ದೋಷ ಒಂದು ಊರಿನಲ್ಲಿ ಎರಡು ನಿಮಿಷ ಓಡಿದ್ದರೂ ಪ್ರೊಸೆಸರ್ ಬಿಸಿಯೇರಿದ್ದು ಕಂಡುಬಿಡುತ್ತಿತ್ತು. ತುರ್ತಿಗೆಂದು ಇಟ್ಟ ಅಡ್ಡದಾರಿ ದಿನನಿತ್ಯದ ಹೆದ್ದಾರಿಯಾದದ್ದು ಅಂದಿನ ನಿಜವಾದ ವೈಫಲ್ಯ.

ಕಮಾಂಡ್ ಲೈನ್‌ಗೆ ತನ್ನದೇ ಆದ ದುರ್ಬಲತೆಗಳೂ ಉಂಟು. ಬೆರಳ ತುದಿಯ ಒಂದು ಆಯ್ಕೆ ಎಲ್ಲವನ್ನೂ ಬದಲಿಸುತ್ತದೆ. ಸುಪಾಬೇಸ್‌ನಲ್ಲಿ ಕರೆ ಮಾಡುವವರ ಗುರುತುಪತ್ರ ಪರಿಶೀಲಿಸಬೇಡ ಎನ್ನುವ ಒಂದು ಆಯ್ಕೆಯಿದೆ. ಹೊರಗಿನ ಪಾವತಿ ಸೇವೆಯ ಕರೆಗಳನ್ನು ಸ್ವೀಕರಿಸುವ ಫಂಕ್ಷನ್‌ಗೆ ಅದು ಬೇಕು. ಬೇರೆ ಫಂಕ್ಷನ್ ನವೀಕರಿಸುವಾಗ ಟರ್ಮಿನಲ್‌ನ ಹಳೆಯ ಸಾಲನ್ನು ಮೇಲಿನ ಬಾಣದ ಕೀಲಿಯಿಂದ ಮತ್ತೆ ತಂದು, ಫಂಕ್ಷನ್ ಹೆಸರನ್ನಷ್ಟೇ ಬದಲಿಸಿ ಎಂಟರ್ ಒತ್ತಿದವರು ಬಾಗಿಲನ್ನೇ ತೆರೆದಿಟ್ಟಂತಾಗುತ್ತದೆ. ಆಯ್ಕೆಯನ್ನು ಕಮಾಂಡ್‌ನಲ್ಲಿ ಟೈಪ್ ಮಾಡದೆ ಯೋಜನೆಯ ಸೆಟ್ಟಿಂಗ್ ಕಡತದಲ್ಲಿ ಬರೆದರೆ ಈ ಅಪಾಯ ತಪ್ಪುತ್ತದೆ. ಟೋಕನ್‌ಗಳದ್ದು ಇನ್ನೊಂದು ಸಮಸ್ಯೆ. ಗುತ್ತಿಗೆಯ ಮೇಲೆ ತಾಣ ಕಟ್ಟಿಸಿಕೊಂಡ ಸಣ್ಣ ಸಂಸ್ಥೆಗಳಲ್ಲಿ ನವೀಕರಣದ ಟೋಕನ್ ಕಟ್ಟಿಕೊಟ್ಟವರ ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುವುದುಂಟು. ಆದಷ್ಟು ಕಡಿಮೆ ಅಧಿಕಾರದ, ಅವಧಿ ಮುಗಿಯುವ ಟೋಕನ್ ಕೊಡುವುದು, ಕೆಲಸ ಬಿಟ್ಟವರದನ್ನು ಅಂದೇ ರದ್ದುಮಾಡುವುದು ಸಂಸ್ಥೆಯ ಹೊಣೆ.

ಕಮಾಂಡ್‌ಗಳ ಹೆಸರೂ ಸ್ಥಿರವಲ್ಲ. ರ‍್ಯಾಂಗ್ಲರ್‌ನಲ್ಲಿ ಪಬ್ಲಿಷ್ ಎಂದಿದ್ದದ್ದು 2023ರ ಮೂರನೇ ಆವೃತ್ತಿಯಲ್ಲಿ ಡಿಪ್ಲಾಯ್ ಆಯಿತು. ಆವೃತ್ತಿಯನ್ನು ಮೊದಲು ಏರಿಸಿಟ್ಟು ಆಮೇಲೆ ಶೇಕಡಾವಾರು ಬಿಡುವ ಕಮಾಂಡ್‌ಗಳು 2024ರಲ್ಲಿ ಸೇರಿದವು. ಫಂಕ್ಷನ್‌ನೊಳಗಿನ ಕೋಡ್ ಎಲ್ಲ ವೇದಿಕೆಗಳಲ್ಲೂ ಓಡುವಂತಾಗಲಿ ಎಂದು ಕಂಪನಿಗಳು 2022ರಲ್ಲಿ ವಿಂಟರ್‌ಸಿಜಿ ಎಂಬ ಗುಂಪು ಕಟ್ಟಿಕೊಂಡವು. ಅದು ಮುಂದೆ ತಾಂತ್ರಿಕ ಮಾನಕಗಳನ್ನು ರೂಪಿಸುವ ಎಕ್ಮಾ ಸಂಸ್ಥೆಯ ಟಿಸಿ-55 ಸಮಿತಿಯಾಯಿತು. ಆ ಸಮಿತಿಯ ವ್ಯಾಪ್ತಿ ಕೋಡ್ ಓಡುವಾಗ ಸಿಗುವ ಸೌಲಭ್ಯಗಳಿಗೆ ಸೀಮಿತ. ಅದನ್ನು ಏರಿಸುವ, ಪಾಲುಪಾಲಾಗಿ ಬಿಡುವ, ಹಿಂದಕ್ಕೆಳೆಯುವ ಕಮಾಂಡ್‌ಗಳನ್ನು ಇಂದಿಗೂ ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ಕೊಡುತ್ತಿದೆ.